ಸ್ಟ್ಯಾಟಿಕ್ ಐಪಿ ಇಲ್ಲದೆ ತೋಟದ ಮನೆ ಕ್ಯಾಮೆರಾ: ನನ್ನ ಅನುಭವ

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಒಣಗಿಸುವ ಅಂಗಳಕ್ಕೆ ಕ್ಯಾಮೆರಾ ಹಾಕಿದ್ದೆ. ಅದನ್ನು ಬೆಂಗಳೂರಿನಿಂದ ನೋಡಬೇಕು, ಅಷ್ಟೇ ಆಸೆ. ಇಂಟರ್ನೆಟ್ ಲೈನ್ ಎಳೆದ ಹುಡುಗ "ಅದೆಲ್ಲ ಆಗೂದಲ್ಲ ಮಾರಾಯ್ರೆ, ಸ್ಟ್ಯಾಟಿಕ್ ಐಪಿ ತಗೊಳ್ಳಿ" ಅಂದ. ಅಂದರೆ ನಮ್ಮ ಲೈನಿಗೇ ಮೀಸಲಾದ, ಬದಲಾಗದ ಇಂಟರ್ನೆಟ್ ವಿಳಾಸ. ವರ್ಷಕ್ಕೆ ಎರಡೂವರೆ ಸಾವಿರದ ಹತ್ತಿರ. ಗೆಳೆಯರೂ ಅದನ್ನೇ ಹೇಳಿದರು. ಈಗ ಸ್ಟ್ಯಾಟಿಕ್ ಇಲ್ಲದೆಯೇ ಒಂದು ಮಳೆಗಾಲ ದಾಟಿದೆ, ಅದಕ್ಕೇ ಬರೆಯುತ್ತಿದ್ದೇನೆ. ಡಿವಿಆರ್ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ) ಜೊತೆ ಬರುವ ಕ್ಲೌಡ್ ಆಪ್ ಇದೆಯಲ್ಲ ಅಂತೀರಾ? ನಮ್ಮ ಅಂಗಳ ಯಾರದೋ ಸರ್ವರ್ ಸುತ್ತಿಕೊಂಡು ಬರುವುದು ನನಗೆ ಬೇಡ.

ಮೊದಲು ಎಲ್ಲರ ಹಾಗೆ ಪೋರ್ಟ್ ಫಾರ್ವರ್ಡ್ ಮಾಡಿ (ಹೊರಗಿನಿಂದ ಬಂದದ್ದನ್ನು ರೌಟರ್ ಡಿವಿಆರ್ ಕಡೆ ಕಳಿಸುವಂತೆ), ಡಿಡಿಎನ್ಎಸ್ (ಬದಲಾಗುವ ಐಪಿಗೆ ಬದಲಾಗದ ಹೆಸರು) ಹಾಕಿ ಕಾದೆ. ಏನೂ ಬರಲಿಲ್ಲ. ರೌಟರ್‌ನ ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ ಕಡೆ) ಪುಟ ತೆಗೆದರೆ 100.72 ಅಂತ ಶುರುವಾಗುವ ಐಪಿ. ನಮ್ಮ ಐಪಿ ತೋರಿಸುವ ಹೊರಗಿನ ಸೈಟಿನಲ್ಲಿ ನೋಡಿದರೆ ಬೇರೆಯೇ ನಂಬರ್. 100.64ರಿಂದ 100.127ರವರೆಗಿನದು ಸಿಜಿನ್ಯಾಟ್‌ಗೆಂದೇ 2012ರಲ್ಲಿ ತೆಗೆದಿಟ್ಟ ಸಾಲು. ಸಿಜಿನ್ಯಾಟ್ ಅಂದರೆ ಕಂಪನಿ ಒಂದೇ ಪಬ್ಲಿಕ್ ವಿಳಾಸವನ್ನು ಹಲವು ಮನೆಗಳಿಗೆ ಹಂಚುವುದು. ಆ ಸಾಲು ಕಂಡಿತು ಅಂದರೆ ಪೋರ್ಟ್ ಫಾರ್ವರ್ಡ್ ಮರೆತುಬಿಡಿ, ಎಷ್ಟು ದುಬಾರಿ ರೌಟರ್ ತಂದರೂ ಅಷ್ಟೇ. ಬಾಗಿಲು ನಮ್ಮ ಕೈಯಲ್ಲಿಲ್ಲ.

ಆದರೆ ಅದೇ ಲೈನಿನಲ್ಲಿ ಐಪಿವಿ6 (ಹೊಸ ತಲೆಮಾರಿನ ಐಪಿ ವಿಳಾಸ) ಬರುತ್ತಿತ್ತು. 2ರಲ್ಲಿ ಶುರುವಾಗುವ ನಿಜವಾದ ಪಬ್ಲಿಕ್ ವಿಳಾಸ, ಅದೂ ಪುಕ್ಕಟೆ! ಯಾರೂ ಅದರ ಕಡೆ ನೋಡಿರಲೇ ಇಲ್ಲ. ಓಎನ್‌ಟಿಯನ್ನು (ಫೈಬರ್ ಬಂದು ಸೇರುವ ಪೆಟ್ಟಿಗೆ) ಬ್ರಿಡ್ಜ್ ಮೋಡ್‌ಗೆ, ಅಂದರೆ ತಾನು ರೌಟರ್ ಆಗದೆ ಲೈನನ್ನು ದಾಟಿಸುವಂತೆ, ಹಾಕಿಸಿ, ಪಿಪಿಪಿಒಇ (ಕಂಪನಿಯ ಲಾಗಿನ್) ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶ ಇರುವ ನನ್ನದೇ ರೌಟರ್‌ನಲ್ಲಿ ಡಯಲ್ ಮಾಡಿಸಿದೆ. ರೌಟರ್‌ಗೆ ಮೂರೂವರೆ ಸಾವಿರ ಆಗಿರಬೇಕು. ಮೂಲೆಯಲ್ಲಿ ಬಿದ್ದಿದ್ದ ಹಳೇ ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಮೇಲೆ ವೈರ್‌ಗಾರ್ಡ್ ಎಂಬ ವಿಪಿಎನ್ (ಹೊರಗಿನಿಂದ ಮನೆಯ ಜಾಲಕ್ಕೆ ಸುರಕ್ಷಿತ ಸುರಂಗ) ಕೂರಿಸಿದೆ. ಫೈರ್‌ವಾಲ್‌ನಲ್ಲಿ ಪೈಗೆ ಒಂದೇ ಒಂದು ಯುಡಿಪಿ ಪೋರ್ಟ್ ತೆರೆದೆ. ಡಿವಿಆರ್‌ಗೆ ಐಪಿವಿ6 ಗೊತ್ತೇ ಇಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅದಕ್ಕೊಂದು ಐಪಿ ರಿಸರ್ವ್ ಮಾಡಿ ಪೈ ಮೂಲಕ ತಲುಪಿದರೆ ಸಾಕು.

ಅಂಗಳದ ಪಕ್ಕದ ಕೊಟ್ಟಿಗೆಗೆ ಇನ್ನೊಂದು ರೌಟರ್ ಇದೆ. ಅದರ ವ್ಯಾನ್ ಪೋರ್ಟಿಗೆ ವೈರ್ ಚುಚ್ಚಿದರೆ ಡಬಲ್ ನ್ಯಾಟ್ (ಎರಡು ರೌಟರ್ ಒಂದರ ಹಿಂದೊಂದು ವಿಳಾಸ ಬದಲಿಸುವುದು), ನಮ್ಮ ಲೈನಿನಲ್ಲಿ ಐಪಿವಿ6 ಅಲ್ಲಿಗೇ ನಿಲ್ಲುತ್ತಿತ್ತು. ಲ್ಯಾನ್ (ಮನೆಯೊಳಗಿನ ಜಾಲ) ಪೋರ್ಟಿನಿಂದ ಲ್ಯಾನ್ ಪೋರ್ಟಿಗೆ ಹಾಕಿ, ಅದರ ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಅದರ ವಿಳಾಸದ ಕೊನೆಯ ಅಂಕಿಯನ್ನು 2ಕ್ಕೆ ಬದಲಿಸಿದೆ. ಕೇಬಲ್ ಎಂಬತ್ತು ಮೀಟರ್ ಇರಬಹುದು. ಮೊದಲ ಕೇಬಲ್ ಮಂಗ ಹರಿದಿತ್ತು, ಎರಡನೆಯದು ಪೈಪಿನೊಳಗೆ. ಸಿಡಿಲಿಗೆ ಒಂದು ನೆಟ್‌ವರ್ಕ್ ಸ್ವಿಚ್ ಹೋಯಿತು. ಇದಕ್ಕೇ ಮೂರು ಸಾವಿರದಷ್ಟು ಕರಗಿತು.

ಮನೆಯ ಲ್ಯಾನ್ ಮೊದಲು 192.168.1 ಇತ್ತು. ಗೆಳೆಯನ ಮನೆ ವೈಫೈಯಿಂದ ವಿಪಿಎನ್ ಹಚ್ಚಿದರೆ ಕನೆಕ್ಟ್ ಆಗುತ್ತದೆ, ಕ್ಯಾಮೆರಾ ಮಾತ್ರ ಇಲ್ಲ. ಅವನ ಮನೆಯಲ್ಲೂ ಅದೇ ಸಾಲು, ಫೋನ್ ನಮ್ಮ ಡಿವಿಆರ್ ಅನ್ನು ಅಲ್ಲೇ ಹುಡುಕುತ್ತಿತ್ತು. 10ರ ಸಾಲಿನಲ್ಲಿ ಯಾರೂ ಇಡದ ನಂಬರ್ ಆರಿಸಿಕೊಂಡೆ. ಮುಗಿಯಿತು.

ನಿಜವಾಗಿ ಕಾಡಿದ್ದು ಎಂಟಿಯು, ಅಂದರೆ ಒಂದು ಸಲಕ್ಕೆ ಹೋಗಬಹುದಾದ ಡೇಟಾ ಪೊಟ್ಟಣದ ಗರಿಷ್ಠ ಅಳತೆ. ಡಿವಿಆರ್‌ನ ಲಾಗಿನ್ ಪುಟ ಬರುತ್ತದೆ, ಲೈವ್ ವಿಡಿಯೋ ಒತ್ತಿದರೆ ಕಪ್ಪು ಪರದೆ. ಪಿಪಿಪಿಒಇಯಲ್ಲಿ 1492 ಬೈಟ್, ಅದರಲ್ಲಿ ಐಪಿವಿ6 ಮೇಲಿನ ವೈರ್‌ಗಾರ್ಡ್ 80 ತಿಂದರೆ ಉಳಿಯುವುದು 1412. ಅಷ್ಟಕ್ಕೆ ಇಳಿಸಿದರೂ ಮೊಬೈಲ್ ಡೇಟಾದಲ್ಲಿ ತಡವರಿಸಿತು. ಪೈ, ಫೋನ್ ಎರಡೂ ಕಡೆ 1280 ಇಟ್ಟೆ, ವಿಡಿಯೋ ಸರಾಗ. ಜಾಲರಿ ಮೇಲೆ ಹರಡಿದ ಅಡಿಕೆಯನ್ನು ಒಂದೊಂದಾಗಿ ಎಣಿಸಬಹುದು.

ಕರೆಂಟ್ ಹೋಗಿ ಬಂದಾಗಲೆಲ್ಲ ಪ್ರಿಫಿಕ್ಸ್ (ಐಪಿವಿ6 ವಿಳಾಸದ ಮೊದಲ ಭಾಗ) ಬದಲಾಗುತ್ತದೆ. ಡಿಡಿಎನ್ಎಸ್ ಹೆಸರು ತಾನೇ ಅಪ್‌ಡೇಟ್ ಆಗಲು ಪೈಯಲ್ಲಿ ಸಣ್ಣ ಸ್ಕ್ರಿಪ್ಟ್ ಇದೆ. ಫೈರ್‌ವಾಲ್ ರೂಲ್ ಮುರಿಯದಂತೆ ಮಾಡಿದ ಉಪಾಯವನ್ನು ಪೂರ್ತಿ ಹೇಳಲ್ಲ. ವಿಳಾಸದ ಕೊನೆಯ 64 ಬಿಟ್ ನಮ್ಮ ಕೈಯಲ್ಲಿದೆ, ಅಲ್ಲಿಂದ ನೀವೇ ಹಿಡಿಯಿರಿ.

ಐಪಿವಿ6 ಇಲ್ಲದ ಆಫೀಸ್ ವೈಫೈನಿಂದ ಇದು ನಡೆಯುವುದಿಲ್ಲ. ಅಲ್ಲಿ ಮೊಬೈಲ್ ಡೇಟಾಗೆ ಬರುತ್ತೇನೆ. ನಡುವೆ ಒಂದು ವಿಪಿಎಸ್ (ಬಾಡಿಗೆ ಸರ್ವರ್) ಇಟ್ಟುಕೊಂಡರೆ ಅದೂ ಆಗುತ್ತದೆ. ಆದರೆ ತಿಂಗಳಿಗೆ ಮುನ್ನೂರು ಕೊಡುವುದಾದರೆ ಸ್ಟ್ಯಾಟಿಕ್ ಐಪಿಯೇ ಸೋವಿ, ಅಲ್ವಾ?