‘ಕರ್ತವ್ಯಕ್ಕೆ ಅಡ್ಡಿ’ ಕೇಸು ಬಿದ್ದರೆ: ಎಫ್‌ಐಆರ್‌ನಿಂದ ತೀರ್ಪಿನವರೆಗೆ

ಕುಮಟಾ ದಾಟಿ ಹೊನ್ನಾವರದ ಕಡೆ ಹೋಗುವಾಗ ಹೆದ್ದಾರಿ ಬದಿಯಲ್ಲಿ ಹೆಲ್ಮೆಟ್ ತಪಾಸಣೆ. ಪೊಲೀಸರು ಬೈಕಿನ ಕೀಲಿಗೆ ಕೈ ಹಾಕುತ್ತಾರೆ, ಹುಡುಗ ಆ ಕೈ ತಳ್ಳುತ್ತಾನೆ. ಮಾತಿಗೆ ಮಾತು ಬೆಳೆಯುತ್ತದೆ. ಸಂಜೆ ಹೊತ್ತಿಗೆ ಐನೂರು ರೂಪಾಯಿ ದಂಡದ ವಿಷಯ ‘ಪೊಲೀಸರ ಕರ್ತವ್ಯಕ್ಕೆ ಅಡ್ಡಿ’ ಎಂಬ ಕ್ರಿಮಿನಲ್ ಕೇಸಾಗಿರುತ್ತದೆ. ಬಂದರು ವಿರೋಧಿ ಪ್ರತಿಭಟನೆಗೆ ಹೋದ ಮೀನುಗಾರರಿಗೂ, ಶಿರಸಿ ಜಾತ್ರೆಯ ನೂಕುನುಗ್ಗಲಲ್ಲಿ ಸಿಕ್ಕಿಬಿದ್ದವರಿಗೂ ಇದೇ ಕೇಸು ಬೀಳಬಹುದು. ಆಮೇಲೆ ಮನೆಯವರು ಕೇಳುವುದು ಒಂದೇ ಪ್ರಶ್ನೆ: ಜೈಲಾಗುತ್ತದಾ?

ಉತ್ತರ ಇರುವುದು ಎಫ್‌ಐಆರ್‌ನಲ್ಲಿ. ಹಾಗಾಗಿ ಮೊದಲ ಕೆಲಸ ಅದರ ಪ್ರತಿ ಪಡೆಯುವುದು. 2016ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ, ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸರು ವೆಬ್‌ಸೈಟಿನಲ್ಲಿ ಹಾಕಬೇಕು. ಅಲ್ಲಿಂದಲೇ ಇಳಿಸಿಕೊಳ್ಳಬಹುದು.

ಕಲಂ ಯಾವುದು ನೋಡಿ

2024ರ ಜುಲೈ 1ರ ನಂತರದ ಘಟನೆಗೆ ಭಾರತೀಯ ನ್ಯಾಯ ಸಂಹಿತೆ ಅನ್ವಯ. ಅದಕ್ಕಿಂತ ಹಿಂದಿನದಕ್ಕೆ ಹಳೆಯ ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿಯೇ.

ಬರೀ ಅಡ್ಡಿ ಮಾಡಿದ್ದಕ್ಕೆ ಕಲಂ 221. ಇದು ಐಪಿಸಿಯಲ್ಲಿ 186 ಆಗಿತ್ತು. ಗರಿಷ್ಠ ಶಿಕ್ಷೆ ಮೂರು ತಿಂಗಳು, ಅಥವಾ 2,500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜಾಮೀನು ನಿಮ್ಮ ಹಕ್ಕು. ಹಲ್ಲೆ ಅಥವಾ ಬಲಪ್ರಯೋಗ ಮಾಡಿ ಕೆಲಸ ತಡೆದರೆ ಕಲಂ 132, ಎಲ್ಲರ ಬಾಯಲ್ಲಿರುವ ಹಳೆಯ 353. ಎರಡು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಇದು ಜಾಮೀನುರಹಿತ ಅಪರಾಧ, ಅಂದರೆ ಜಾಮೀನು ಹಕ್ಕಲ್ಲ, ಕೊಡುವುದು ಬಿಡುವುದು ಕೋರ್ಟಿಗೆ ಬಿಟ್ಟದ್ದು. ಪೊಲೀಸರಿಗೆ ಗಾಯವಾಗಿದ್ದರೆ 121(1): ಹಿಂದೆ ಮೂರು ವರ್ಷ ಇದ್ದ ಗರಿಷ್ಠ ಶಿಕ್ಷೆ ಈಗ ಐದು ವರ್ಷಕ್ಕೆ ಏರಿದೆ. ಮೂಳೆ ಮುರಿತದಂಥ ಗಂಭೀರ ಗಾಯವಾದರೆ 121(2), ಕನಿಷ್ಠ ಒಂದು ವರ್ಷ, ಗರಿಷ್ಠ ಹತ್ತು ವರ್ಷ. ಬಂಧಿಸಲು ಬಂದಾಗ ಕಾನೂನುಬದ್ಧ ಬಂಧನಕ್ಕೆ ತಡೆ ಒಡ್ಡಿದರೆ 262, ಎರಡು ವರ್ಷದವರೆಗೆ.

221 ಮತ್ತು 132ರ ನಡುವಿನ ಗೆರೆಯ ಮೇಲೇ ಎಷ್ಟೋ ಕೇಸುಗಳ ಹಣೆಬರಹ ನಿಂತಿರುತ್ತದೆ. ದೂರಿನಲ್ಲಿ ‘ವಾದ ಮಾಡಿದ, ಏರುದನಿಯಲ್ಲಿ ಮಾತಾಡಿದ’ ಎಂದಷ್ಟೇ ಇದೆಯಾ? ಅಥವಾ ‘ಸಮವಸ್ತ್ರದ ಕಾಲರ್ ಹಿಡಿದು ಎಳೆದಾಡಿದ’ ಎಂದಿದೆಯಾ? ಬರೀ ಮಾತು ಕಾನೂನಿನ ಪ್ರಕಾರ ಹಲ್ಲೆ ಅಲ್ಲ. ಆದರೆ ಕೈಯಲ್ಲಿದ್ದ ಹೆಲ್ಮೆಟ್ ಎತ್ತಿ ಈಗ ಹೊಡೆದೇಬಿಡುತ್ತಾನೆ ಅನ್ನುವ ಹಾಗೆ ಮಾಡಿದರೆ, ಅದು ತಾಗದಿದ್ದರೂ ಹಲ್ಲೆಯೇ.

ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಬೆಂಗಳೂರು ಟ್ರಾಫಿಕ್ ಪೊಲೀಸರ ಫೇಸ್‌ಬುಕ್ ಪುಟದಲ್ಲಿ ಒಬ್ಬ ಅಧಿಕಾರಿಯ ವರ್ತನೆ ಬಗ್ಗೆ ಬರೆದ ದಂಪತಿ ಮೇಲೆ ಐಪಿಸಿಯ 353 ಮತ್ತು 506 (ಬೆದರಿಕೆ) ಹಾಕಲಾಗಿತ್ತು. ಹಲ್ಲೆಯೂ ಇಲ್ಲ, ಬಲಪ್ರಯೋಗವೂ ಇಲ್ಲ ಎಂದು 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಕೇಸನ್ನು ರದ್ದು ಮಾಡಿತು.

ಇನ್ನೊಂದು ಅಂಶ ಅನೇಕರಿಗೆ ಗೊತ್ತೇ ಇಲ್ಲ. 221ರ ಕೇಸನ್ನು ಬರೀ ಪೊಲೀಸ್ ಚಾರ್ಜ್‌ಶೀಟ್ ನೋಡಿ ಕೋರ್ಟ್ ಕೈಗೆತ್ತಿಕೊಳ್ಳುವಂತಿಲ್ಲ. ಆ ಅಧಿಕಾರಿ ಅಥವಾ ಅವರ ಮೇಲಧಿಕಾರಿ ಕೋರ್ಟಿಗೇ ಲಿಖಿತ ದೂರು ಕೊಡಬೇಕು. ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನಿನಲ್ಲಿ, ಹಿಂದೆ ಸಿಆರ್‌ಪಿಸಿ 195, ಈಗ ನಾಗರಿಕ ಸುರಕ್ಷಾ ಸಂಹಿತೆಯ 215 ಹೇಳುವುದು ಇದನ್ನೇ. ಹಾಗೆ ದೂರು ಕೊಡದೇ ಹೋದ ಕಾರಣಕ್ಕೆ ಹೈಕೋರ್ಟಿನಲ್ಲಿ ರದ್ದಾದ ಕೇಸುಗಳಿವೆ. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಇಂಥ ಅರ್ಜಿ ಹಾಕಬೇಕಾದ್ದು ಧಾರವಾಡ ಪೀಠದಲ್ಲಿ. 132ಕ್ಕೆ ಈ ತಡೆ ಅನ್ವಯಿಸುವುದಿಲ್ಲ.

ಬಂಧನ, ಜಾಮೀನು

ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕೆ ಸುಮ್ನೆ ಎತ್ತಿಕೊಂಡು ಹೋಗುವಂತಿಲ್ಲ. ಬಂಧನ ಯಾಕೆ ಬೇಕು ಎಂದು ಪೊಲೀಸರು ಕಾರಣ ಬರೆಯಬೇಕು. ಬೇಡ ಎಂದಾದರೆ ನೋಟಿಸ್ ಕೊಡಬೇಕು. ನೋಟಿಸ್ ಬಂದರೆ ದಯವಿಟ್ಟು ಹಾಜರಾಗಿ, ತಪ್ಪಿಸಿಕೊಂಡರೆ ಅದೇ ಬಂಧನಕ್ಕೆ ಕಾರಣವಾಗುತ್ತದೆ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಪೊಲೀಸರೇ ಹೊಡೆದಿದ್ದರೆ ಹೇಳಬೇಕಾದ್ದು ಅಲ್ಲಿಯೇ. ಹೆದರಿ ಬಾಯಿ ಮುಚ್ಚಿಕೊಂಡರೆ ಆಮೇಲೆ ನಂಬುವವರು ಕಡಿಮೆ.

ಜಾಮೀನುದಾರರು ಪಹಣಿ ಮತ್ತು ಆಧಾರ್ ಹಿಡಿದುಕೊಂಡು ಬಂದಿರಲಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲೂಕುಗಳಲ್ಲಿ ಸಮಿತಿಗಳಿವೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಸ್ಟಡಿಯಲ್ಲಿ ಇರುವವರಿಗೆ ಆದಾಯ ನೋಡದೇ ಉಚಿತ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100.

‘ಒಪ್ಕೊಂಡು ದಂಡ ಕಟ್ಟಿಬಿಡೋಣ’

ಈ ಲೇಖನ ಬರೆಯಲು ಮುಖ್ಯ ಕಾರಣವೇ ಈ ಮಾತು. ಚಾರ್ಜ್‌ಶೀಟ್ ಆದ ಮೇಲೆ ಮ್ಯಾಜಿಸ್ಟ್ರೇಟರು ಆರೋಪ ಓದಿ ಹೇಳಿ, ತಪ್ಪು ಒಪ್ಪುತ್ತೀರಾ ಎಂದು ಕೇಳುತ್ತಾರೆ. ತಾರೀಕಿಗೆ ಓಡಾಡಿ ಸಾಕಾದವರು ‘ಹೌದು’ ಅಂದುಬಿಡುತ್ತಾರೆ. ಅದು ಟ್ರಾಫಿಕ್ ದಂಡ ಕಟ್ಟಿದ ಹಾಗಲ್ಲ. ದಂಡ ಎಷ್ಟೇ ಚಿಕ್ಕದಿರಲಿ, ಅದು ಅಪರಾಧ ಸಾಬೀತಾದ ತೀರ್ಪು. ಸರ್ಕಾರಿ ಕೆಲಸದ ಅರ್ಜಿಯಲ್ಲಿ ಅದನ್ನು ಬರೆಯಬೇಕಾಗುತ್ತದೆ. ಗಲ್ಫ್‌ಗೆ ಹೊರಟ ಭಟ್ಕಳ, ಹೊನ್ನಾವರದ ಹುಡುಗರಿಗೆ ಪೊಲೀಸ್ ಕ್ಲಿಯರೆನ್ಸ್ ಸಿಗುವುದು ಕಷ್ಟವಾಗಬಹುದು. ಓಡಾಟ ತಪ್ಪಲಿ ಎಂದು ಇಪ್ಪತ್ತರ ಹುಡುಗನ ಮುಂದಿನ ದಾರಿಗೆ ಕಲ್ಲು ಹಾಕಬೇಡಿ. ಕೇಸು ನಡೆಯುತ್ತಿರುವಾಗ ಪಾಸ್‌ಪೋರ್ಟ್ ಬೇಕಾದರೆ ಅದೇ ಕೋರ್ಟಿನ ಅನುಮತಿ ಕೇಳುವ ದಾರಿ ಇದೆ.

ಠಾಣೆಗೆ ಹೋಗಿ ಕ್ಷಮೆ ಕೇಳಿದರೆ ಕೇಸು ಮುಗಿಯುತ್ತದೆ ಎಂಬ ನಂಬಿಕೆಯೂ ಇದೆ. 132ರಲ್ಲಿ ರಾಜಿಗೆ ಅವಕಾಶವೇ ಇಲ್ಲ. ಸರ್ಕಾರ ಕೇಸು ಹಿಂಪಡೆಯಬಹುದು, ರೈತರ ಮತ್ತು ಕನ್ನಡಪರ ಹೋರಾಟಗಾರರ ಕೇಸುಗಳಲ್ಲಿ ಹಾಗೆ ಆಗಿದೆ. ಆದರೆ ಅದಕ್ಕೂ ಕೋರ್ಟಿನ ಒಪ್ಪಿಗೆ ಬೇಕು.

ವಿಚಾರಣೆಯಲ್ಲಿ ಏನು ನೋಡುತ್ತಾರೆ

ಮೊದಲನೆಯದು, ಆ ಪೊಲೀಸರು ಆ ಹೊತ್ತಿನಲ್ಲಿ ನಿಜಕ್ಕೂ ಕರ್ತವ್ಯದಲ್ಲಿ ಇದ್ದರಾ? ಠಾಣೆಯ ಡೈರಿ, ಡ್ಯೂಟಿ ಹಂಚಿಕೆಯ ದಾಖಲೆ ಬೇಕಾಗುವುದು ಇಲ್ಲಿ. ಗಾಯ ಎಂದಿದ್ದರೆ ತಾಲೂಕು ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಅದನ್ನು ಬರೆದ ವೈದ್ಯರ ಸಾಕ್ಷಿ. ಸಂತೆಯ ನಡುವೆ ನಡೆದ ಗಲಾಟೆಗೆ ಪೊಲೀಸರು ಮಾತ್ರ ಸಾಕ್ಷಿಗಳಾಗಿದ್ದರೆ ವಕೀಲರು ಅದನ್ನು ಪ್ರಶ್ನಿಸುತ್ತಾರೆ. ಪೊಲೀಸರ ಸಾಕ್ಷಿ ಮೇಲೂ ಶಿಕ್ಷೆ ಆಗಬಹುದು, ಆದರೆ ಅದು ನಂಬುವ ಹಾಗಿರಬೇಕು. ನಿಮ್ಮ ಬಳಿ ಮೊಬೈಲ್ ವಿಡಿಯೊ ಇದ್ದರೆ ಮೂಲ ಫೈಲ್ ಅಳಿಸಬೇಡಿ. ಕೋರ್ಟಿಗೆ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಜೊತೆಗಿರಬೇಕು.

‘ತಪ್ಪು ಪೊಲೀಸರದ್ದೇ, ಅದಕ್ಕೇ ತಳ್ಳಿದೆ’ ಎಂಬ ವಾದ ಹೆಚ್ಚಾಗಿ ನಿಲ್ಲುವುದಿಲ್ಲ. ಅಧಿಕಾರಿ ಸದುದ್ದೇಶದಿಂದ ಮಾಡಿದ ಕೆಲಸ ಕಾನೂನಿನ ಪ್ರಕಾರ ಅಷ್ಟು ಸರಿ ಇರದಿದ್ದರೂ, ಸಾವಿನ ಅಥವಾ ಗಂಭೀರ ಗಾಯದ ಭಯ ಇಲ್ಲದಿದ್ದರೆ ಆತ್ಮರಕ್ಷಣೆಯ ಹಕ್ಕು ಸಿಗುವುದಿಲ್ಲ. ಕೀಲಿ ಕಸಿದರೆ ಕೊಟ್ಟುಬಿಡಿ, ಹೆಸರು ಮತ್ತು ಸಮಯ ಬರೆದುಕೊಳ್ಳಿ, ಎಸ್‌ಪಿ ಕಚೇರಿಗೆ ದೂರು ಕೊಡಿ.

ತಪ್ಪಿತಸ್ಥ ಎಂದಾದರೆ

132ಕ್ಕೆ ಕನಿಷ್ಠ ಶಿಕ್ಷೆ ನಿಗದಿ ಇಲ್ಲ. ದಂಡಕ್ಕೂ ನಿಲ್ಲಿಸಬಹುದು. ಹಿಂದೆ ಶಿಕ್ಷೆ ಆಗಿಲ್ಲದವರ ಪರವಾಗಿ 1958ರ ಪ್ರೊಬೇಷನ್ ಕಾಯ್ದೆ ಅನ್ವಯಿಸಿ ಎಂದು ವಕೀಲರು ಕೇಳಲೇಬೇಕು. ಆಗ ಎಚ್ಚರಿಕೆ ಕೊಟ್ಟು, ಅಥವಾ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. 21 ವರ್ಷದೊಳಗಿನವರನ್ನು ಜೈಲಿಗೆ ಕಳಿಸುವುದಾದರೆ ಕೋರ್ಟ್ ಕಾರಣ ಬರೆಯಬೇಕು. ಈ ಕಾಯ್ದೆಯಡಿ ಬಿಡುಗಡೆಯಾದರೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟಿಕೊಳ್ಳುವುದಿಲ್ಲ. ಹೊಸ ಕಾನೂನಿನ ಸಮುದಾಯ ಸೇವೆಯ ಶಿಕ್ಷೆ ಮಾತ್ರ ಈ ಕಲಂಗಳಿಗೆ ಇಲ್ಲ.

ಜೈಲು ಶಿಕ್ಷೆಯೇ ಆಯಿತು ಅಂದುಕೊಳ್ಳಿ. ಮೂರು ವರ್ಷದವರೆಗಿನ ಶಿಕ್ಷೆಯಾಗಿದ್ದು ನೀವು ಜಾಮೀನಿನ ಮೇಲಿದ್ದರೆ, ಮೇಲ್ಮನವಿ ಹಾಕುತ್ತೇವೆ ಎಂದು ಅದೇ ದಿನ ಅದೇ ಕೋರ್ಟಿಗೆ ಹೇಳಿ. ವಿಶೇಷ ಕಾರಣ ಇಲ್ಲದಿದ್ದರೆ ಜಾಮೀನು ಮುಂದುವರಿಯುತ್ತದೆ. ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಸೆಷನ್ಸ್ ಕೋರ್ಟಿಗೆ ಹೋಗಲು 30 ದಿನ ಇರುತ್ತದೆ. ತೀರ್ಪಿನ ದೃಢೀಕೃತ ಪ್ರತಿಗೆ ಮರುದಿನವೇ ಅರ್ಜಿ ಕೊಡಿ. ಖುಲಾಸೆ ಆದವರೂ ಆ ಪ್ರತಿ ತೆಗೆದಿಟ್ಟುಕೊಳ್ಳಬೇಕು. ಪೊಲೀಸ್ ದಾಖಲೆಯಲ್ಲಿ ಕೇಸು ‘ಬಾಕಿ’ ಎಂದೇ ಉಳಿದುಬಿಟ್ಟಿದ್ದರೆ ಅದನ್ನು ಸರಿಪಡಿಸಲು ತೋರಿಸಬೇಕಾದ್ದು ಅದನ್ನೇ.