ಬ್ರಿಟನ್ನಿನಲ್ಲಿ ಹಳೇ ಕಾರು ತಗೊಂಡಿರಾ? ಮೊದಲು ಎಂಒಟಿ ಚೀಟಿ ಓದಿ

ಅಲ್ಲಿ ತಗೊಂಡ ನನ್ನ ಮೊದಲ ಕಾರು 60 ಮೈಲಿ ವೇಗ ದಾಟಿದರೆ ಸಾಕು, ಸ್ಟೇರಿಂಗ್ ಗಡಗಡ ಅನ್ನುತ್ತಿತ್ತು. ರಜೆಗೆ ಬೆಂಗಳೂರಿಗೆ ಬಂದಾಗ ವಿಲ್ಸನ್ ಗಾರ್ಡನ್‌ನ ನಮ್ಮ ಹಳೇ ಮೆಕ್ಯಾನಿಕ್ ಹತ್ತಿರ ಹೇಳಿಕೊಂಡೆ. ಅವರು ಕೇಳಿದ್ದು ಒಂದೇ: "ನಡುಗುತ್ತಾ ಸಾರ್, ಇಲ್ಲಾ ಒಂದು ಕಡೆಗೆ ಎಳೆಯುತ್ತಾ?" ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮ ಇದೆಯೇ ಅಂತ) ನೋಡು, ಎಳೆದರೆ ಗಾಳಿ, ಆಮೇಲೆ ಅಲೈನ್‌ಮೆಂಟ್ (ಚಕ್ರಗಳು ಸರಿಯಾದ ಕೋನದಲ್ಲಿವೆಯೇ ಅಂತ). ಹಂಪ್ ಮೇಲೆ ಕಟಕಟ ಅಂದರೆ ಸಸ್ಪೆನ್ಷನ್ನಿನ ಲಿಂಕ್ ರಾಡೋ ರಬ್ಬರ್ ಬುಷ್ಷೋ ಹೋಗಿದೆ ಅಂತ ತಿಳಿ. ಇಷ್ಟು ಎಲ್ಲಿಗೆ ಹೋದರೂ ಒಂದೇ. ಬೇರೆಯಾಗುವುದು ಅಲ್ಲಿನ ಪದ್ಧತಿ.

ನಮ್ಮಲ್ಲಿ ಸ್ವಂತ ಕಾರಿಗೆ 15 ವರ್ಷ ತುಂಬುವವರೆಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಚಿಂತೆಯಿಲ್ಲ, ಎಮಿಷನ್ ಟೆಸ್ಟ್ ಮಾಡಿಸಿದರಾಯಿತು. ಬ್ರಿಟನ್ನಿನಲ್ಲಿ ಕಾರಿಗೆ 3 ವರ್ಷ ಆದಮೇಲೆ ಪ್ರತಿ ವರ್ಷ ಎಂಒಟಿ ಅನ್ನುವ ಕಡ್ಡಾಯ ಸುರಕ್ಷತಾ ಪರೀಕ್ಷೆ (ಉತ್ತರ ಐರ್ಲೆಂಡಿನ ನಿಯಮ ಬೇರೆ). ಈ ಪರೀಕ್ಷೆಗೆ ಒಂದು ಕಾರಿಗೆ 54.85 ಪೌಂಡ್‌ಗಿಂತ ಹೆಚ್ಚು ಕೇಳುವಂತಿಲ್ಲ. ಬ್ರೇಕು, ಸ್ಟೇರಿಂಗು, ಸಸ್ಪೆನ್ಷನ್, ಟೈರು ಎಲ್ಲ ನೋಡುತ್ತಾರೆ. 'ಡೇಂಜರಸ್', 'ಮೇಜರ್' ಅಂತ ಬಂದರೆ ಫೇಲು. 'ಮೈನರ್', 'ಅಡ್ವೈಸರಿ' (ಮುಂದೆ ಗಮನಿಸಿ ಅನ್ನುವ ಸೂಚನೆ) ಇದ್ದರೂ ಪಾಸು.

ಈ ಅಡ್ವೈಸರಿಯೇ ನಿಮಗೆ ಪುಕ್ಕಟೆ ಸಿಗುವ ಮೆಕ್ಯಾನಿಕ್. ಕಾರಿನ ನಂಬರ್ ಹಾಕಿದರೆ ಸರ್ಕಾರಿ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಎಂಒಟಿ ಚರಿತ್ರೆಯೆಲ್ಲ ಬರುತ್ತದೆ, ತುಕ್ಕು ಹಿಡಿದ ಸ್ಪ್ರಿಂಗಿನವರೆಗೆ. ಮುಂದಿನ ಟೈರಿನ ಒಳಅಂಚು ಸವೆದಿದೆ ಅಂತ ಎರಡು ವರ್ಷ ಸತತವಾಗಿ ಬರೆದಿದ್ದರೆ, ಮಾಲೀಕ ಟೈರು ಬದಲಿಸಿದ್ದರೂ ಅಲೈನ್‌ಮೆಂಟ್ ಮುಟ್ಟಿಲ್ಲದಿರಬಹುದು ಅಂತ ಅರ್ಥ ಮಾಡಿಕೊಳ್ಳಿ. ಯಾಕೆಂದರೆ ವೀಲ್ ಅಲೈನ್‌ಮೆಂಟ್ ಎಂಒಟಿಯಲ್ಲಿ ಸೇರಿಲ್ಲ! ಪಾಸಾದ ಕಾರೂ ಎಡಕ್ಕೆ ಎಳೆಯಬಹುದು. ಚೀಟಿಯಲ್ಲಿ 'ನಿಯರ್‌ಸೈಡ್' ಅಂದರೆ ಫುಟ್‌ಪಾತ್ ಕಡೆ, ನಮ್ಮ ಎಡ. 'ಆಫ್‌ಸೈಡ್' ಅಂದರೆ ಡ್ರೈವರ್ ಕಡೆ. ನಾನು ಮೊದಲ ಸಲ ಇದನ್ನು ತಿರುವುಮುರುವು ಓದಿ ಸರಿಯಿದ್ದ ಟೈರನ್ನೇ ಅರ್ಧ ಗಂಟೆ ತಡವುತ್ತಾ ಕೂತಿದ್ದೆ.

ಕೆಲವು ಊರುಗಳಲ್ಲಿ ಸ್ಥಳೀಯ ಕೌನ್ಸಿಲ್‌ನವರೇ ನಡೆಸುವ ಎಂಒಟಿ ಕೇಂದ್ರ ಇರುತ್ತದೆ. ಸಾಮಾನ್ಯವಾಗಿ ಅವರು ಸಾರ್ವಜನಿಕರ ಕಾರು ರಿಪೇರಿ ಮಾಡುವುದಿಲ್ಲ, ಇಲ್ಲದ ಕೆಲಸ ಹುಟ್ಟಿಸಿ ಅವರಿಗೇನೂ ಗಿಟ್ಟುವುದಿಲ್ಲ. ನಾನು ಅಲ್ಲಿಗೇ ಹೋಗುತ್ತೇನೆ.

ಇನ್ನು ದುಡ್ಡು ಎಲ್ಲಿ ಹಾಕಬೇಕು? ಟೈರಿಗೆ. ಟ್ರೆಡ್‌ನ (ರಸ್ತೆಗೆ ತಾಗುವ ಗೀರುಗಳ ಭಾಗ) ಅಗಲದ ನಡುವಿನ ಮುಕ್ಕಾಲು ಭಾಗದಲ್ಲಿ, ಸುತ್ತಲೂ, ಕನಿಷ್ಠ 1.6 ಮಿ.ಮೀ. ಆಳ ಕಾನೂನು. ತಪ್ಪಿದರೆ ಒಂದೊಂದು ಟೈರಿಗೂ 2,500 ಪೌಂಡ್‌ವರೆಗೆ ದಂಡ, ಲೈಸೆನ್ಸಿನ ಮೇಲೆ ತಪ್ಪಿನ ಲೆಕ್ಕಕ್ಕೆ 3 ಪೆನಾಲ್ಟಿ ಪಾಯಿಂಟ್. 20 ಪೆನ್ಸ್ ನಾಣ್ಯವನ್ನು ಟ್ರೆಡ್‌ಗೆ ತೂರಿಸಿ. ನಾಣ್ಯದ ಹೊರಅಂಚಿನ ಪಟ್ಟಿ ಕಾಣಿಸಿದರೆ ಅಳತೆ ಮಾಡಿಸುವ ಸಮಯ ಬಂತು. ಎರಡೇ ಹೊಸ ಟೈರು ಹಾಕಿಸುವುದಾದರೆ ಹಿಂದಕ್ಕೆ ಹಾಕಿಸಿ. ನಮ್ಮಲ್ಲಿ ಮುಂದಕ್ಕೆ ಹಾಕಿಸಿಯೇ ರೂಢಿ, ಆದರೆ ಮಳೆಯಲ್ಲಿ ಹಿಂಬದಿ ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ, ಹಿಡಿತಕ್ಕೆ ತರುವುದು ಕಷ್ಟ. ಅಲ್ಲಂತೂ ಮಳೆ ನಮ್ಮ ಹಾಗೆ ಮಳೆಗಾಲಕ್ಕಷ್ಟೇ ಸೀಮಿತವಲ್ಲ. ಗಾಳಿಯನ್ನು ಟೈರು ತಣ್ಣಗಿದ್ದಾಗ ನೋಡಿ. ಬಂಕಿನಲ್ಲಿ ಹುಡುಗನ ಕೈಗೆ ಹತ್ತು ರೂಪಾಯಿ ಇಟ್ಟು ಹಿಡಿಸಿದವರಿಗೆ ಅಲ್ಲಿ ಎಷ್ಟೋ ಕಡೆ ಗಾಳಿ ಮೆಷಿನ್‌ಗೇ ಕಾರ್ಡ್ ತೋರಿಸಬೇಕು ಅನ್ನುವುದು ತಮಾಷೆಯಾಗಿ ಕಾಣುತ್ತದೆ. ಒಂದು ಪುಟ್ಟ ಪಂಪ್ ತಗೊಂಡುಬಿಡಿ.

ಸ್ಪ್ರಿಂಗ್ ತಗ್ಗಿಸುವುದು, ಅಗಲದ ಅಲಾಯ್ ಹಾಕುವುದು ಬೆಂಗಳೂರಿನ ಕಾರು ಸಾಮಾನಿನ ಬೀದಿ ಜೆ.ಸಿ. ರಸ್ತೆಯ ಹುಮ್ಮಸ್ಸು. ಅಲ್ಲಿ ಇಂಥದ್ದನ್ನೆಲ್ಲ ವಿಮೆಯವರಿಗೆ ಮೊದಲೇ ಹೇಳಬೇಕು, ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ಕೈಯೆತ್ತಬಹುದು.

ಅಂದಹಾಗೆ ನನ್ನ ಕಾರಿನ ನಡುಕ: ಮುಂದಿನ ಎಡ ಚಕ್ರದ ರಿಮ್ಮಿನ ಒಳಗೆ, ಎಲ್ಲ ಕಡೆ ಬ್ರೇಕಿನ ಕರಿಪುಡಿ ಮೆತ್ತಿಕೊಂಡಿದ್ದರೂ, ಎರಡು ಬೆರಳಗಲ ಮಾತ್ರ ಬೆಳ್ಳಗಿತ್ತು. ಅಲ್ಲಿ ಅಂಟಿಸಿದ್ದ ಬ್ಯಾಲೆನ್ಸ್ ತೂಕ ಎಲ್ಲೋ ಉದುರಿಹೋಗಿತ್ತು.