ಕಾರ್ಬೊರೇಟರಿಗೆ ಕೈ ಹಾಕುವ ಮುನ್ನ

ಹಳೆಯ ಕಾರು ಸ್ಟಾರ್ಟ್ ಆಗದಿದ್ದರೆ, ಇಲ್ಲವೇ ದಾರಿಯಲ್ಲಿ ಮುಗ್ಗರಿಸಿ ನಿಂತರೆ, ಹೆಚ್ಚಿನವರು ಮೊದಲು ತಿರುವುವುದು ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿನ ತಿರುಪುಗಳನ್ನು. ಒಂದಿದ್ದ ದೋಷ ಅಲ್ಲಿಗೆ ಎರಡಾಗುತ್ತದೆ. ಟ್ಯಾಂಕು, ಪೈಪು, ಫಿಲ್ಟರು, ಪಂಪು, ನೀಡಲ್ ವಾಲ್ವ್ (ಬೌಲಿಗೆ ಪೆಟ್ರೋಲು ಬಿಡುವ, ತಡೆಯುವ ಸೂಜಿ), ಫ್ಲೋಟ್ ಬೌಲು (ತೇಲುವ ಫ್ಲೋಟ್ ಇರುವ, ಕಾರ್ಬೊರೇಟರಿನ ಪುಟ್ಟ ಪೆಟ್ರೋಲು ತೊಟ್ಟಿ), ಜೆಟ್ಟು (ಪೆಟ್ರೋಲನ್ನು ಅಳೆದು ಬಿಡುವ, ಸಣ್ಣ ರಂಧ್ರವುಳ್ಳ ತುಂಡು): ಪೆಟ್ರೋಲು ಬರುವುದು ಈ ದಾರಿಯಲ್ಲಿ. ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಹುಡುಕುತ್ತ ಹೋದರೆ, ಕಾರ್ಬೊರೇಟರನ್ನು ಬಿಚ್ಚುವ ಅಗತ್ಯವೇ ಎಷ್ಟೋ ಸಲ ಬೀಳುವುದಿಲ್ಲ.

ಕೆಲಸಕ್ಕೆ ಗಾಳಿಯಾಡುವ ಜಾಗ ಬೇಕು. ಎಂಜಿನ್ ತಣ್ಣಗಾಗಿರಲಿ, ಪುಡಿ ತುಂಬಿದ ಅಗ್ನಿಶಾಮಕ ಕೈಗೆಟುಕುವಂತಿರಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಮುಟ್ಟಬಲ್ಲದು. ಪೈಪು ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಸೆಲ್ಫ್ ಹೊಡೆದು ನೋಡಬೇಕಾದಾಗ ಮಾತ್ರ ಮತ್ತೆ ಜೋಡಿಸಿ. ಪೈಪಿಗೆ ಬಾಯಿ ಹಾಕಿ ಪೆಟ್ರೋಲು ಎಳೆಯುವ ಚಾಳಿ ಬೇಡವೇ ಬೇಡ.

ಪೆಟ್ರೋಲೋ, ಕಿಡಿಯೋ?

ಕಿಡಿ ತಪ್ಪಿದ ಎಂಜಿನ್ ಸ್ವಿಚ್ ಆರಿಸಿದಂತೆ ತಟ್ಟನೆ ನಿಲ್ಲುತ್ತದೆ. ಪೆಟ್ರೋಲು ತಪ್ಪಿದ್ದು ಸಾಮಾನ್ಯವಾಗಿ ಎಳೆಯುವ ಬಲ ಕಳೆದುಕೊಂಡು, ಜಗ್ಗುತ್ತ, ತಡವರಿಸಿ ನಿಲ್ಲುತ್ತದೆ. ಖಾತ್ರಿಗೆ ಏರ್ ಫಿಲ್ಟರ್ ಡಬ್ಬಿ ತೆಗೆದು, ಎಂಜಿನ್ ಆಫ್ ಇರುವಾಗಲೇ ಕಾರ್ಬೊರೇಟರಿನ ಗಂಟಲೊಳಗೆ ಟಾರ್ಚ್ ಬಿಟ್ಟು, ಆಕ್ಸಿಲರೇಟರ್ ಲಿವರನ್ನು ಕೈಯಿಂದ ಒಮ್ಮೆ ಪೂರ್ತಿ ಎಳೆಯಿರಿ. ಸಣ್ಣ ನಳಿಗೆಯಿಂದ ಪೆಟ್ರೋಲು ಚಿಮ್ಮಿದರೆ ಬೌಲಿನಲ್ಲಿ ಪೆಟ್ರೋಲಿದೆ. ಚಿಮ್ಮದಿದ್ದರೆ ಬೌಲು ಒಣಗಿರಬೇಕು, ಅಥವಾ ಆಕ್ಸಿಲರೇಟರ್ ಪಂಪಿನ (ಕಾರ್ಬೊರೇಟರಿನಲ್ಲೇ ಇರುವ ಪುಟ್ಟ ಪಂಪು) ಡಯಾಫ್ರಮ್, ಅಂದರೆ ಒಳಗಿನ ಪೊರೆ, ಹರಿದಿರಬೇಕು. ನೋಡಲು ಬಗ್ಗಿದಾಗ ಸೆಲ್ಫ್ ಹೊಡೆಯಬೇಡಿ. ಎಂಜಿನ್ ಹಿಂದಕ್ಕೆ ಉಗುಳಿದರೆ ಬೆಂಕಿ ನೇರ ಮುಖಕ್ಕೆ ಬರುತ್ತದೆ.

ಸ್ವಲ್ಪ ಹೊತ್ತು ಸೆಲ್ಫ್ ಹೊಡೆದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲು ಬಂದಿಲ್ಲ. ಒದ್ದೆಯಾಗಿದ್ದರೆ ಬಂದಿದೆ, ಅತಿಯಾಗಿ ಬಂದಿದೆ ಅಥವಾ ಕಿಡಿಯೇ ಇಲ್ಲ. ಓಡುವ ಕಾರಿನ ಪ್ಲಗ್ಗಿಗೆ ಕಾಡಿಗೆಯಂಥ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗೆ ಬೆಂದಂತಿದ್ದರೆ ಕಡಿಮೆ.

ಟ್ಯಾಂಕಿನಿಂದ ಪಂಪಿನವರೆಗೆ

ಕಾರು ಒಂದಷ್ಟು ದೂರ ಚೆನ್ನಾಗಿ ಓಡಿ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟರೆ ಮತ್ತೆ ಹೊರಡುತ್ತದೆ ಅನ್ನಿ. ನಿಂತ ತಕ್ಷಣ ಟ್ಯಾಂಕಿನ ಮುಚ್ಚಳ ತೆಗೆಯಿರಿ. ‘ಸುಯ್’ ಎಂದು ಗಾಳಿ ಒಳಗೆ ಎಳೆದುಕೊಂಡರೆ ಗಾಳಿರಂಧ್ರ ಕಟ್ಟಿದೆ ಎಂದರ್ಥ: ಪೆಟ್ರೋಲು ಖಾಲಿಯಾದ ಜಾಗಕ್ಕೆ ಗಾಳಿ ಬಾರದೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ, ಪಂಪು ಎಳೆಯಲಾರದೆ ಸೋತಿದೆ. ಇಡೀ ಪಟ್ಟಿಯಲ್ಲಿ ಇದಕ್ಕಿಂತ ಅಗ್ಗದ ರಿಪೇರಿ ಇಲ್ಲ.

ಮುಂದಿನದು ರಬ್ಬರ್ ಪೈಪು. ಟ್ಯಾಂಕಿನಿಂದ ಪಂಪಿನವರೆಗಿನ ಭಾಗದಲ್ಲಿ ಪೆಟ್ರೋಲನ್ನು ಎಳೆಯಲಾಗುತ್ತದೆ, ತಳ್ಳುವುದಿಲ್ಲ. ಹಾಗಾಗಿ ಇಲ್ಲಿ ಪೈಪು ಬಿರಿದರೆ ಹೊರಗೆ ಹನಿಯೂ ಸೋರದೆ ಗಾಳಿ ಒಳಗೆ ನುಗ್ಗಬಹುದು. ಪಂಪಿನ ಮುಂಚೆ ಪಾರದರ್ಶಕ ಫಿಲ್ಟರ್ ಇದ್ದರೆ, ಎಂಜಿನ್ ಓಡುವಾಗ ಅದರಲ್ಲಿ ಗುಳ್ಳೆಗಳು ಸಾಲಾಗಿ ಓಡುವುದು ಕಾಣುತ್ತದೆ. ಪೈಪನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ, ಅಂಟಂಟಾಗಿದ್ದರೆ ಬದಲಿಸಿ. ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ಮೆದುವಾಗಿಸಿ ಒಳಗಿನಿಂದ ಚೂರು ಚೂರಾಗಿ ಕಳಚುತ್ತದೆ, ಆ ಚೂರು ಹೋಗಿ ಕೂರುವುದು ಜೆಟ್ಟಿನಲ್ಲಿ. ಎಸ್‌ಎಇ ಜೆ30 ಆರ್9 ಎಂದು ಮುದ್ರಿಸಿದ ಪೈಪು ಇದನ್ನು ತಡೆಯುತ್ತದೆ. ಫಿಲ್ಟರಿನ ಮೇಲಿನ ಬಾಣದ ಗುರುತು ಪೆಟ್ರೋಲು ಹೋಗುವ ದಿಕ್ಕಿಗಿರಬೇಕು.

ಪಂಪಿನ ಪರೀಕ್ಷೆ

ಪ್ಲಗ್ಗಿನ ಕಿಡಿಗೆ ವಿದ್ಯುತ್ ಒದಗಿಸುವ ಇಗ್ನಿಷನ್ ಕಾಯಿಲಿನ ಪಾಸಿಟಿವ್ ತಂತಿ ತೆಗೆದು ತುದಿಗೆ ಟೇಪು ಸುತ್ತಿ, ಕಿಡಿ ಹುಟ್ಟದಿರಲಿ. ಕಾರ್ಬೊರೇಟರಿಗೆ ಬರುವ ಪೈಪನ್ನು ಕಳಚಿ ಗಾಜಿನ ಬಾಟಲಿಯೊಳಗೆ ಬಿಡಿ. ಇನ್ನೊಬ್ಬರು 10 ಸೆಕೆಂಡು ಸೆಲ್ಫ್ ಹೊಡೆಯಲಿ. ಕ್ಯಾಮ್‌ಶಾಫ್ಟಿನಿಂದ (ಎಂಜಿನ್ನಿನ ವಾಲ್ವುಗಳನ್ನು ತೆರೆಯುವ ದಂಡ) ಓಡುವ ಪಂಪು ಸರಿಯಿದ್ದರೆ ಪೆಟ್ರೋಲು ಮಿಡಿಮಿಡಿದು ಜೋರಾಗಿ ಬೀಳುತ್ತದೆ. ಸೊರಗಿದ ಹನಿ ಸಾಲದು. ಹನಿಯೇ ಬಂದರೆ ಪಂಪಿನ ಒಳಬರುವ ಪೈಪನ್ನು ಬಿಚ್ಚಿ, ಶುದ್ಧ ಪೆಟ್ರೋಲಿನ ಡಬ್ಬಿಗೆ ಅದ್ದಿದ ಚಿಕ್ಕ ಪೈಪೊಂದನ್ನು ಅಲ್ಲಿಗೆ ಜೋಡಿಸಿ ಮತ್ತೆ ನೋಡಿ. ಈಗ ಜೋರಾಗಿ ಬಂದರೆ ತಪ್ಪು ಟ್ಯಾಂಕಿನ ಕಡೆ, ಬಾರದಿದ್ದರೆ ಪಂಪಿನದು.

ಬಾಟಲಿಯನ್ನು ಚೆಲ್ಲಬೇಡಿ, ಸ್ವಲ್ಪ ಹೊತ್ತು ಅಲುಗಾಡದಂತೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಕೆಂಪು ಪುಡಿ ಇದ್ದರೆ ಟ್ಯಾಂಕಿಗೆ ತುಕ್ಕು ಹಿಡಿದಿದೆ. ಟ್ಯಾಂಕು ತೊಳೆಯದೆ ಕಾರ್ಬೊರೇಟರ್ ಎಷ್ಟು ಸಲ ತೊಳೆದರೂ ವ್ಯರ್ಥ. ಹಳೆಯ ಬಣ್ಣದ ವಾಸನೆ ಬಂದರೆ ಅದು ತಿಂಗಳುಗಟ್ಟಲೆ ನಿಂತು ಕೆಟ್ಟ ಪೆಟ್ರೋಲು.

ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕನ್ನೂ ಮೂಸಿ ನೋಡಿ. ಆಯಿಲ್ ಮಟ್ಟ ತಾನಾಗಿ ಏರಿ ಪೆಟ್ರೋಲಿನ ವಾಸನೆ ಹೊಡೆದರೆ ಪಂಪಿನ ಡಯಾಫ್ರಮ್ ಹರಿದಿರುವ ಶಂಕೆ ಬಲವಾಗುತ್ತದೆ. ಅಂಥ ಎಂಜಿನ್ ಓಡಿಸಬಾರದು. ತೆಳುವಾದ ಆಯಿಲಿನಲ್ಲಿ ಬೇರಿಂಗುಗಳು ಸವೆಯುತ್ತವೆ. ಪಂಪು, ಆಯಿಲ್ ಎರಡನ್ನೂ ಬದಲಿಸಿಯೇ ಸ್ಟಾರ್ಟ್ ಮಾಡಿ.

ಈಗ ಕಾರ್ಬೊರೇಟರ್

ಪೆಟ್ರೋಲು ಬಾಗಿಲವರೆಗೆ ಬಂದಿದೆ, ಬೌಲು ಮಾತ್ರ ಖಾಲಿ. ಪೈಪು ಸೇರುವ ಜಾಗದ ಸಣ್ಣ ಜಾಲರಿಯನ್ನು ತೆಗೆದು ತೊಳೆಯಿರಿ. ಅದು ಅಲ್ಲಿರುವುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಬಹುಕಾಲ ನಿಂತ ಕಾರಿನಲ್ಲಿ ನೀಡಲ್ ವಾಲ್ವು ಅಂಟಿಕೊಂಡಿರಬಹುದು. ಸ್ಕ್ರೂಡ್ರೈವರಿನ ಹಿಡಿಯಿಂದ ಬೌಲನ್ನು ಮೆಲ್ಲಗೆ ತಟ್ಟಿದರೆ ಕೆಲವೊಮ್ಮೆ ಬಿಡುತ್ತದೆ.

ತದ್ವಿರುದ್ಧ ತೊಂದರೆಯೂ ಇದೆ. ವಾಲ್ವು ಮುಚ್ಚದೆ ಪೆಟ್ರೋಲು ಉಕ್ಕಿ, ಸೈಲೆನ್ಸರಿನಲ್ಲಿ ಕಪ್ಪು ಹೊಗೆ ಬರುತ್ತದೆ. ವಾಲ್ವಿನ ತುದಿಯಲ್ಲಿ ಕಸ ಅಥವಾ ಸವೆದ ಗೆರೆ ಇದೆಯೇ ನೋಡಿ. ಹಿತ್ತಾಳೆ ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ; ಒಳಗೆ ಪೆಟ್ರೋಲು ಕುಲುಕಿದರೆ ತೂತು ಬಿದ್ದಿದೆ. ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಏಳುವ ಜಾಗವೇ ತೂತು. ಬೆಸುಗೆ ಹಾಕುವ ಸಾಹಸಕ್ಕಿಂತ ಹೊಸದು ಹಾಕುವುದು ಲೇಸು, ಒಳಗೆ ಆವಿ ಉಳಿದಿದ್ದರೆ ಸಿಡಿಯುತ್ತದೆ.

ಜೆಟ್ಟುಗಳ ದೋಷ ವೇಗದಿಂದ ಗೊತ್ತಾಗುತ್ತದೆ. ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದಿರುವಾಗ, ಎಂಜಿನ್ ನಿಂತುಹೋಗಿ, ಒತ್ತಿದಾಗ ಮಾತ್ರ ಸರಿಯಾಗಿ ಓಡಿದರೆ ಐಡಲ್ ಜೆಟ್ ಕಟ್ಟಿದೆ. ಅದರ ಮೇಲೆ ವಿದ್ಯುತ್ ಸೊಲೆನಾಯ್ಡ್ (ವಿದ್ಯುತ್ ಬಂದಾಗ ಜೆಟ್ಟಿನ ದಾರಿ ತೆರೆಯುವ ವಾಲ್ವು) ಇರುವ ಮಾದರಿಯಾದರೆ, ಇಗ್ನಿಷನ್ ಆನ್ ಮಾಡಿದಾಗ ‘ಟಕ್’ ಶಬ್ದ ಕೇಳಬೇಕು. ಕೇಳದಿದ್ದರೆ ತಂತಿ ಕಳಚಿದೆಯೇ ನೋಡಿ. ವೆಬರ್ ಕಂಪನಿಯ ಹಲವು ಕಾರ್ಬೊರೇಟರುಗಳಲ್ಲಿ ಮೇಲ್ಭಾಗ ಬಿಚ್ಚದೆ ಹೊರಗಿನಿಂದಲೇ ಐಡಲ್ ಜೆಟ್ ತೆಗೆಯಬಹುದು. ವೇಗದಲ್ಲಿ ದಮ್ಮು ಕಟ್ಟಿ, ಗಾಳಿ ತಗ್ಗಿಸಿ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಸ್ವಲ್ಪ ಎಳೆದಾಗ ಚೇತರಿಸಿಕೊಂಡರೆ ಮೇನ್ ಜೆಟ್ಟಿನಲ್ಲೋ ಬೌಲಿನ ಮಟ್ಟದಲ್ಲೋ ಕೊರತೆ. ದಿಢೀರನೆ ಒತ್ತಿದಾಗ ಒಂದು ಕ್ಷಣ ಸತ್ತಂತಾಗಿ ಆಮೇಲೆ ಎಳೆದರೆ ಆಕ್ಸಿಲರೇಟರ್ ಪಂಪನ್ನು ನೋಡಿ.

ಜೆಟ್ಟಿಗೆ ತಂತಿ, ಸೂಜಿ ತೂರಿಸಬೇಡಿ. ಹಿತ್ತಾಳೆ ಮೆದು, ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಅಳತೆ ಕೆಟ್ಟಿತು. ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಸಿ, ಕನ್ನಡಕ ಹಾಕಿಕೊಂಡು ಒತ್ತಡದ ಗಾಳಿ ಊದಿ. ಬ್ರಷ್ಷಿನ ನೈಲಾನ್ ಎಳೆ ಸಾಕು.

ಬಿಸಿಯಲ್ಲಿ ಮಾತ್ರ ನಿಂತರೆ

ಎಂಜಿನ್ ಶಾಖಕ್ಕೆ ಪೈಪಿನಲ್ಲೇ ಪೆಟ್ರೋಲು ಆವಿಯಾದರೆ ಪಂಪು ಆವಿಯನ್ನು ತಳ್ಳಲಾರದು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಅದು ತಣಿದು ಕಾರು ಹೊರಟರೆ ಕಾರಣ ಇದೇ. ಪೈಪನ್ನು ಎಕ್ಸಾಸ್ಟಿನಿಂದ ದೂರ ಸರಿಸುವುದು ಶಾಶ್ವತ ಪರಿಹಾರ. ಎಂಜಿನ್ ಆರಿಸಿದ ಮೇಲೆ ಬೌಲು ಕುದಿದು ಪೆಟ್ರೋಲು ಮ್ಯಾನಿಫೋಲ್ಡಿಗೆ (ಕಾರ್ಬೊರೇಟರಿನಿಂದ ಎಂಜಿನ್ನಿಗೆ ಹೋಗುವ ಕೊಳವೆ) ಉಕ್ಕುವುದು ಬೇರೆ ಸಂಗತಿ. ಆಗ ಪೆಡಲನ್ನು ಪದೇ ಪದೇ ತುಳಿಯದೆ, ಪೂರ್ತಿ ಒತ್ತಿ ಹಿಡಿದೇ ಸೆಲ್ಫ್ ಹೊಡೆಯಿರಿ.

ಗಾಳಿ-ಪೆಟ್ರೋಲಿನ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ತಿರುಪು ಕೊನೆಗೆ. ಎಷ್ಟು ಸುತ್ತು ಎಂದು ಎಣಿಸುತ್ತ ಒಳಗೆ ತಿರುವಿ, ತಾಗಿದೊಡನೆ ನಿಲ್ಲಿಸಿ. ಬಿಗಿದರೆ ತಿರುಪಿನ ಸೂಜಿಯಂಥ ತುದಿಗೆ ಗೀರು ಬೀಳುತ್ತದೆ. ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತಂದು, ಎಂಜಿನ್ ಬಿಸಿಯಾದ ಮೇಲೆ ಕಾಲು ಕಾಲು ಸುತ್ತಿನಂತೆ ಹೊಂದಿಸಿ. ತಿರುಪು ಪೂರ್ತಿ ಒಳಗಿದ್ದರೂ ಎಂಜಿನ್ ಆರಾಮವಾಗಿ ಓಡುತ್ತಿದ್ದರೆ ಪೆಟ್ರೋಲು ಬೇರೆ ದಾರಿಯಿಂದ ಬರುತ್ತಿದೆ. ಆಕ್ಸಿಲರೇಟರಿಗೆ ತೆರೆದುಕೊಳ್ಳುವ ಥ್ರಾಟಲ್ ತಟ್ಟೆ ಅತಿಯಾಗಿ ತೆರೆದಿದೆಯೇ, ಫ್ಲೋಟ್ ಮಟ್ಟ ಏರಿದೆಯೇ ಎಂದು ಮತ್ತೆ ನೋಡಬೇಕು.